ಹೊಸ ಕಾವ್ಯಕ್ಕೆ ನೆಲ ಹದಗೊಳಿಸಿದ ತಳುಕಿನ ವೆಂಕಣ್ಣಯ್ಯ

ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಕೈಗೆತ್ತಿಕೊಂಡ ಓದುಗನಿಗೆ ಅಯೋಧ್ಯೆಗಿಂತ ಮೊದಲು ಎದುರಾಗುವುದು ಒಬ್ಬ ಮೇಷ್ಟರ ಹೆಸರು. ಕೃತಿಯನ್ನು ಕವಿ ಅರ್ಪಿಸಿರುವುದು ಯಾವ ಅರಸನಿಗೂ ಅಲ್ಲ, ಯಾವ ದೇವರಿಗೂ ಅಲ್ಲ. ತಮ್ಮ ಅಧ್ಯಾಪಕರಾಗಿದ್ದ ಟಿ.ಎಸ್. ವೆಂಕಣ್ಣಯ್ಯನವರಿಗೆ. ಕಾವ್ಯ 1949ರಲ್ಲಿ ಅಚ್ಚಾಗಿ ಹೊರಬರುವ ಹೊತ್ತಿಗೆ ಆ ಗುರು ತೀರಿಕೊಂಡು ಹತ್ತು ವರ್ಷಗಳಾಗಿದ್ದವು. ಕಣ್ಮರೆಯಾದ ಗುರುವನ್ನು ಮುಂದೆ ಕೂರಿಸಿಕೊಂಡವರಂತೆ ಸಂಬೋಧಿಸಿ ಶಿಷ್ಯ ಬರೆದ ಆ ಅರ್ಪಣೆಯ ಸಾಲುಗಳು ಕನ್ನಡದಲ್ಲಿ ಪ್ರಸಿದ್ಧವಾಗಿವೆ. ಆದರೆ ಅರ್ಪಣೆಯನ್ನು ಪಡೆದ ವ್ಯಕ್ತಿ ಅಷ್ಟೇ ಪರಿಚಿತರೆಂದು ಹೇಳುವುದು ಕಷ್ಟ. ನಗರದ ಓದುಗರಲ್ಲಿ ಬಹುಮಂದಿಗೆ ವೆಂಕಣ್ಣಯ್ಯ ಎಂದರೆ ಕುವೆಂಪು ಅವರ ಗುರು. ಅಲ್ಲಿಗೆ ಮಾತು ಮುಗಿಯಿತು.

ಆ ಮಾತು ಅಲ್ಲಿಗೆ ಮುಗಿಯಬಾರದು. ಇಪ್ಪತ್ತನೆಯ ಶತಮಾನದ ಹೊಸ ಕನ್ನಡ ಕಾವ್ಯ ಹೇಗೆ ಬೇರು ಬಿಟ್ಟಿತು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ, ತಾವು ಕವಿಯೆಂದು ಹೆಸರಾಗದೆಯೂ ಕವಿಗಳಿಗೆ ನೆಲ ಹದಗೊಳಿಸಿಕೊಟ್ಟ ಈ ಮನುಷ್ಯನ ಬಳಿ ನಿಲ್ಲಲೇಬೇಕಾಗುತ್ತದೆ.

ಬಯಲುಸೀಮೆಯ ಮನೆತನ

ವೆಂಕಣ್ಣಯ್ಯನವರು ಹುಟ್ಟಿದ್ದು 1885ರ ಅಕ್ಟೋಬರ್ 1ರಂದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ತಳುಕು ಅವರ ಊರು. ಚಳ್ಳಕೆರೆಯಿಂದ ಬಳ್ಳಾರಿಯತ್ತ ಹೋಗುವ ಹೆದ್ದಾರಿಯಲ್ಲಿ ಸಿಗುವ ಈ ಹೋಬಳಿ ಕೇಂದ್ರ ಕಂದಾಯದ ಲೆಕ್ಕದಲ್ಲಿ ಚಳ್ಳಕೆರೆಗೆ ಸೇರಿದೆ. ವಿಧಾನಸಭೆಯ ಚುನಾವಣೆ ಬಂದಾಗ ಮಾತ್ರ ಮೊಳಕಾಲ್ಮೂರು ಕ್ಷೇತ್ರಕ್ಕೆ ಮತ ಹಾಕುತ್ತದೆ. ರಾಜ್ಯದಲ್ಲಿ ಮಳೆ ಅತಿ ಕಡಿಮೆ ಬೀಳುವ ಪ್ರದೇಶಗಳಲ್ಲಿ ಇದೂ ಒಂದು. ಕಡಲೆಕಾಯಿಯ ಹೊಲ, ಕುರುಬರ ಕಂಬಳಿಯ ಮಗ್ಗ, ಅಮೃತಮಹಲ್ ದನಗಳ ಕಾವಲು, ಆಚೆಗೆ ಮೊಳಕಾಲ್ಮೂರಿನ ರೇಷ್ಮೆ ಸೀರೆ ಎಂದು ಈ ಸೀಮೆಯ ಪರಿಚಯವನ್ನು ನಾವು ಪತ್ರಕರ್ತರು ಬರೆದು ಮುಗಿಸುವುದುಂಟು. ಬರದ ವರದಿ ಬರೆಯುವ ದಿನಗಳಲ್ಲಿ ಬಿಟ್ಟರೆ ತಳುಕಿನ ಹೆಸರು ಸುದ್ದಿಮನೆಯಲ್ಲಿ ಕೇಳಿಬರುವುದೂ ಅಪರೂಪವೇ.

ಆದರೆ ಇದು ಅಕ್ಷರಕ್ಕೆ ಬಡವಾದ ನೆಲವಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಬಂಡೆಶಾಸನಗಳಿವೆ, ಬಿ.ಎಲ್. ರೈಸ್ ಅವುಗಳನ್ನು 1892ರಲ್ಲಿ ಬೆಳಕಿಗೆ ತಂದರು. ಚಕ್ರವರ್ತಿಯ ಮಾತನ್ನು ಕಲ್ಲಿಗೆ ಇಳಿಸಿದ ಲಿಪಿಕಾರ ಚಪಡನ ಹೆಸರೂ ಆ ಶಾಸನಗಳ ಕೊನೆಯಲ್ಲಿ ಉಳಿದಿದೆ. ಇನ್ನೊಬ್ಬರ ಮಾತು ಅಳಿಯದಂತೆ ಬರೆದಿಟ್ಟ ಕಾಯಕದವನ ಹೆಸರು ಎರಡು ಸಾವಿರ ವರ್ಷಗಳಿಗೂ ಮೀರಿ ಬಾಳಿದ ನೆಲವಿದು. ಮ್ಯಾಸಬೇಡರ ಮತ್ತು ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನಂತಹ ಸಾಂಸ್ಕೃತಿಕ ವೀರರ ಕಥೆಗಳು ಹಾಡಾಗಿ ಹರಿದುಬಂದಿವೆ. ಆಂಧ್ರದ ಗಡಿಗೆ ತಾಗಿಕೊಂಡಿರುವುದರಿಂದ ಸಂತೆಯಲ್ಲೂ ಮನೆಯಲ್ಲೂ ಕನ್ನಡ, ತೆಲುಗುಗಳೆರಡೂ ಕಿವಿಗೆ ಬೀಳುತ್ತವೆ.

ವೆಂಕಣ್ಣಯ್ಯನವರ ತಂದೆ ಸುಬ್ಬಣ್ಣನವರು. ತಳುಕಿನ ಈ ಒಂದೇ ಮನೆತನದಿಂದ ಕನ್ನಡಕ್ಕೆ ಮೂವರು ದೊರೆತರು. ಹಿರಿಯರು ವೆಂಕಣ್ಣಯ್ಯ. ಅವರ ತಮ್ಮ ವಿದ್ವಾಂಸ ತ.ಸು. ಶಾಮರಾಯ. ಇನ್ನೊಬ್ಬ ಸಹೋದರನ ಮಗ ಕಾದಂಬರಿಕಾರ ತ.ರಾ. ಸುಬ್ಬರಾವ್, ಅಂದರೆ ನಾಡಿಗೆಲ್ಲ ಪರಿಚಿತರಾದ ತ.ರಾ.ಸು. ಇಲ್ಲೊಂದು ಸಣ್ಣ ಸಂಗತಿ ಗಮನಿಸಬೇಕು. ಮೂವರ ಹೆಸರಿನ ಮುಂದೆಯೂ ಇರುವುದು ತಳುಕೇ. ಹಿರಿಯರ ಹೆಸರಿನಲ್ಲಿ ಅದು ಇಂಗ್ಲಿಷಿನ ‘ಟಿ’ ಆಗಿ ಬಳಕೆಗೆ ಬಂದರೆ, ಕಿರಿಯರ ಹೆಸರಿನಲ್ಲಿ ಕನ್ನಡದ ‘ತ’ ಆಯಿತು. ಒಂದು ತಲೆಮಾರಿನ ಅವಧಿಯಲ್ಲಿ ಮೈಸೂರು ಸೀಮೆಯ ವಿದ್ಯಾವಂತರ ನಡುವೆ ಕನ್ನಡದ ಸ್ಥಾನ ಎಷ್ಟು ಬದಲಾಯಿತೆಂಬುದಕ್ಕೆ ಈ ಎರಡಕ್ಷರದ ವ್ಯತ್ಯಾಸವೇ ಸಾಕ್ಷಿ. ಆ ಬದಲಾವಣೆ ತಾನಾಗಿ ಆದದ್ದಲ್ಲ. ಅದನ್ನು ತಂದವರ ಸಾಲಿನಲ್ಲಿ ಸ್ವತಃ ಹಿರಿಯಣ್ಣ ಇದ್ದರು.

ಕನ್ನಡಕ್ಕೆ ಎಂ.ಎ. ಬಂದ ಕಾಲ

ವೆಂಕಣ್ಣಯ್ಯನವರ ವಿದ್ಯಾರ್ಥಿ ದೆಸೆಯಲ್ಲಿ ಮೈಸೂರು ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾನಿಲಯ ಇರಲಿಲ್ಲ. ಅದು ಸ್ಥಾಪನೆಯಾದದ್ದು 1916ರಲ್ಲಿ. ಅದಕ್ಕೆ ಮುಂಚೆ ಇಲ್ಲಿನ ಕಾಲೇಜುಗಳಲ್ಲಿ ಓದಿದವರೂ ಪರೀಕ್ಷೆಗೆ ಮದರಾಸು ವಿಶ್ವವಿದ್ಯಾನಿಲಯವನ್ನೇ ಅವಲಂಬಿಸಬೇಕಾಗಿತ್ತು. ಹೊಸ ವಿಶ್ವವಿದ್ಯಾನಿಲಯ ಬಂದ ಮೇಲೂ ಕನ್ನಡ ಉನ್ನತ ವ್ಯಾಸಂಗದ ವಿಷಯವಾಗಲು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುವವರು ಪ್ರೊಫೆಸರರು, ಕನ್ನಡ ಬೋಧಿಸುವವರು ಪಂಡಿತರು ಎಂಬ ಭೇದ ಇದ್ದ ದಿನಗಳವು.

ಆ ದಿನಗಳಲ್ಲಿ ಕನ್ನಡದ ಬಗ್ಗೆ ಎರಡು ಬಗೆಯ ಧೋರಣೆಗಳಿದ್ದವು. ಹಳೆಯ ಪಂಡಿತ ವರ್ಗಕ್ಕೆ ಪಂಪ, ರನ್ನರ ನಂತರ ಬರೆದದ್ದರಲ್ಲಿ ಹೆಚ್ಚು ಆಸಕ್ತಿಯಿರಲಿಲ್ಲ. ಇಂಗ್ಲಿಷ್ ಓದಿದ ತರುಣರಿಗೆ ಷೆಲ್ಲಿ, ವರ್ಡ್ಸ್‌ವರ್ತರ ಮುಂದೆ ಕನ್ನಡ ಸಪ್ಪೆಯಾಗಿ ಕಂಡಿತ್ತು. ಈ ಎರಡು ದಡಗಳ ನಡುವೆ ಸೇತುವೆ ಕಟ್ಟಿದವರಲ್ಲಿ ಅಗ್ರಗಣ್ಯರು ಬಿ.ಎಂ. ಶ್ರೀಕಂಠಯ್ಯನವರು. 1911ರಲ್ಲಿ ಧಾರವಾಡದಲ್ಲಿ ಅವರು ಮಾಡಿದ ಉಪನ್ಯಾಸ, 1926ರಲ್ಲಿ ಹೊರಬಂದ ‘ಇಂಗ್ಲಿಷ್ ಗೀತಗಳು’ ಹೊಸ ಕಾವ್ಯದ ದಿಕ್ಕನ್ನು ತೋರಿದವು. ‘ಶ್ರೀ’ ಅವರು ಮೂಲತಃ ಇಂಗ್ಲಿಷ್ ಪ್ರಾಧ್ಯಾಪಕರು. ಹೊರಗಿನಿಂದ ಹೊಸ ಗಾಳಿಯನ್ನು ತಂದರು. ಒಳಗಿನಿಂದ, ಕನ್ನಡದ ತಿಜೋರಿಯಲ್ಲೇ ಏನಿದೆಯೆಂದು ತೆರೆದು ತೋರಿಸುವವರೊಬ್ಬರು ಬೇಕಿತ್ತು. ಆ ಸ್ಥಾನ ವೆಂಕಣ್ಣಯ್ಯನವರದಾಯಿತು.

ಬೆಂಗಳೂರಿನಲ್ಲಿ ಅಧ್ಯಾಪಕರಾಗಿದ್ದ ಅವರಿಗೆ ಅಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಗಾಢ ಸ್ನೇಹ ದೊರಕಿತ್ತು. ಕೃಷ್ಣಶಾಸ್ತ್ರಿಗಳು ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದ ಮೂಲಕ 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆಯನ್ನು ಆರಂಭಿಸಿದವರು. ಇಬ್ಬರೂ ಸೇರಿ ಶ್ರೀ ರಾಮಕೃಷ್ಣ ಪರಮಹಂಸರ ಚರಿತ್ರೆಯನ್ನು ಕನ್ನಡಕ್ಕೆ ಕೊಟ್ಟರು. ವಂಗ ಸಾಹಿತ್ಯದ ಮೇಲಿನ ಒಲವು ಇಬ್ಬರಿಗೂ ಸಮಾನ. ರವೀಂದ್ರನಾಥ ಠಾಕೂರರ ‘ಪ್ರಾಚೀನ ಸಾಹಿತ್ಯ’ವನ್ನು ವೆಂಕಣ್ಣಯ್ಯನವರು ಕನ್ನಡಿಸಿದರು. ಹಳೆಯ ಕಾವ್ಯವನ್ನು ಹೊಸ ಕಣ್ಣಿನಿಂದ ಓದುವುದು ಹೇಗೆಂಬುದಕ್ಕೆ ಠಾಕೂರರ ಆ ಪ್ರಬಂಧಗಳು ಮಾದರಿಯಾಗಿದ್ದವು. ಅನುವಾದಕ್ಕೆ ಅದನ್ನೇ ಆರಿಸಿಕೊಂಡದ್ದು ಆಕಸ್ಮಿಕ ಅನಿಸುವುದಿಲ್ಲ.

1927ರಲ್ಲಿ ಮೈಸೂರು ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಎಂ.ಎ. ತರಗತಿ ಪ್ರಾರಂಭವಾಯಿತು. ವೆಂಕಣ್ಣಯ್ಯನವರು ಅಲ್ಲಿ ಕನ್ನಡ ಬೋಧಿಸಿದರು; ಕನ್ನಡದ ಮೊದಲ ಪ್ರಾಧ್ಯಾಪಕರೆಂಬ ಗೌರವ ಅವರ ಹೆಸರಿನೊಡನೆ ಇಂದಿಗೂ ಸೇರಿಕೊಂಡಿದೆ. ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ಇಬ್ಬರನ್ನು ಹೆಸರಿಸಿದರೆ ಸಾಕು: ಕೆ.ವಿ. ಪುಟ್ಟಪ್ಪ ಮತ್ತು ಡಿ.ಎಲ್. ನರಸಿಂಹಾಚಾರ್. ಒಬ್ಬರು ಯುಗದ ಕವಿಯಾದರು, ಇನ್ನೊಬ್ಬರು ಗ್ರಂಥಸಂಪಾದನೆಯನ್ನು ಶಾಸ್ತ್ರವಾಗಿ ಬೆಳೆಸಿದ ಮಹಾವಿದ್ವಾಂಸರಾದರು. ಒಂದೇ ತರಗತಿಯಿಂದ ಸೃಷ್ಟಿಗೂ ಸಂಶೋಧನೆಗೂ ಒಬ್ಬೊಬ್ಬ ನಾಯಕ ಹೊರಟದ್ದು ಮೇಷ್ಟರ ಬೋಧನೆಯ ಹರವನ್ನು ಸೂಚಿಸುತ್ತದೆ. ಮುಂದೆ ಶತಾಯುಷಿಯಾಗಿ ಬಾಳಿದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರೂ ಮೂವತ್ತರ ದಶಕದಲ್ಲಿ ಅದೇ ಕಾಲೇಜಿನಲ್ಲಿ ಅವರ ಶಿಷ್ಯರಾಗಿದ್ದವರು.

ತರುಣ ಪುಟ್ಟಪ್ಪನವರು ಮೊದಲು ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ತಾಯ್ನುಡಿಯಲ್ಲಿ ಬರೆಯುವಂತೆ ಹೇಳಿದ ಪ್ರಸಂಗವನ್ನು ಶಾಲಾ ಪಠ್ಯಗಳಲ್ಲೂ ಓದಿದ್ದೇವೆ. ಕಸಿನ್ಸ್ ತೋರಿದ್ದು ದಾರಿಯನ್ನು. ಆ ದಾರಿಯಲ್ಲಿ ನಡೆಯಲು ಬೇಕಾದ ಬುತ್ತಿಯನ್ನು ಕಟ್ಟಿಕೊಟ್ಟವರು ಯಾರು? ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬಂದ ಕವಿಗೆ ಹರಿಹರ, ರಾಘವಾಂಕ, ಕುಮಾರವ್ಯಾಸರು ಬರಿಯ ಪರೀಕ್ಷೆಯ ಪಠ್ಯವಾಗಿ ಸಿಕ್ಕಿದ್ದರೆ ಕಥೆ ಬೇರೆಯಾಗುತ್ತಿತ್ತು. ಅವರು ಜೀವಂತ ಕವಿಗಳಾಗಿ ಸಿಕ್ಕರು. ಕಸಿನ್ಸರ ಪ್ರಸಂಗ ಒಂದೇ ದಿನದಲ್ಲಿ ಮುಗಿಯುವಂಥದ್ದು, ಹೇಳಲೂ ಸುಲಭ. ವರ್ಷಗಟ್ಟಲೆ ನಡೆದ ಪಾಠ ಹಾಗೆ ಹೇಳಲು ಬರುವುದಿಲ್ಲ. ಆದ್ದರಿಂದಲೇ ಮೊದಲನೆಯದು ಮನೆಮಾತಾಯಿತು, ಎರಡನೆಯದು ಅರ್ಪಣೆಯ ಪುಟದಲ್ಲಿ ಉಳಿಯಿತು ಎಂದು ತೋರುತ್ತದೆ.

ರಗಳೆಯ ಬಂಧು

ವೆಂಕಣ್ಣಯ್ಯನವರು ಆರು ಅಡಿಗೂ ಮಿಕ್ಕ ಎತ್ತರದ ಆಳು. ಕಂಡವರೆಲ್ಲರೂ ಮೊದಲು ನೆನೆಯುವುದು ಆ ಎತ್ತರವನ್ನೇ. ಆದರೆ ಮಾತು ಮೃದು, ನಡೆ ಸರಳ. ಅವರು ಬರೆದದ್ದಕ್ಕಿಂತ ಓದಿದ್ದು ಹೆಚ್ಚು, ಓದಿದ್ದಕ್ಕಿಂತ ಹಂಚಿದ್ದು ಹೆಚ್ಚು. ಸ್ವತಂತ್ರ ಕೃತಿಗಳ ಪಟ್ಟಿ ಮಾಡಲು ಹೊರಟರೆ ಅದು ಬೇಗನೆ ಮುಗಿದುಹೋಗುತ್ತದೆ. ಈ ಅಂಶವನ್ನು ಮರೆಮಾಚಿ ಅವರನ್ನು ಹೊಗಳುವ ಅಗತ್ಯವಿಲ್ಲ.

ಅವರ ನಿಜವಾದ ಕೆಲಸ ಇರುವುದು ಸಂಪಾದನೆಯಲ್ಲಿ. ಹರಿಹರ ಕವಿಯ ‘ಬಸವರಾಜದೇವರ ರಗಳೆ’ಯನ್ನು ಅವರು ಸಂಪಾದಿಸಿದರು. ರಾಘವಾಂಕನ ಹರಿಶ್ಚಂದ್ರ ಕಾವ್ಯದ ಸಂಗ್ರಹವನ್ನು ಕೃಷ್ಣಶಾಸ್ತ್ರಿಗಳ ಜೊತೆಗೂಡಿ, ಅದೇ ಕವಿಯ ‘ಸಿದ್ಧರಾಮ ಚಾರಿತ್ರ’ವನ್ನು ಶಿಷ್ಯ ಡಿ.ಎಲ್. ನರಸಿಂಹಾಚಾರ್ ಜೊತೆಗೂಡಿ ಸಿದ್ಧಪಡಿಸಿದರು. ಗ್ರಂಥಸಂಪಾದನೆ ಎಂಬುದು ಹೊರಗಿನವರಿಗೆ ನೀರಸವಾಗಿ ಕಾಣುವ ಕೆಲಸ. ಓಲೆಗರಿಯ ಪ್ರತಿಗಳನ್ನು ಹುಡುಕಬೇಕು. ಒಂದು ಪ್ರತಿಯಲ್ಲಿ ಒಂದು ಬಗೆ, ಮತ್ತೊಂದರಲ್ಲಿ ಮತ್ತೊಂದು ಬಗೆ ಇರುವ ಪಾಠಗಳನ್ನು ಎದುರುಬದುರು ಇಟ್ಟು ನೋಡಬೇಕು. ಹುಳು ತಿಂದ ಜಾಗದಲ್ಲಿ ಕವಿ ಬರೆದಿರಬಹುದಾದ ಅಕ್ಷರ ಯಾವುದೆಂದು ಅರ್ಥ, ಛಂದಸ್ಸು, ವ್ಯಾಕರಣಗಳ ಬೆಂಬಲದಿಂದ ನಿರ್ಧರಿಸಬೇಕು. ವರ್ಷಗಳ ದುಡಿಮೆಯ ನಂತರ ಮುಖಪುಟದಲ್ಲಿ ದೊಡ್ಡದಾಗಿ ಅಚ್ಚಾಗುವುದು ಮತ್ತೆ ಹರಿಹರನ ಹೆಸರೇ.

ಆದರೆ ಹರಿಹರನನ್ನು ಆಯ್ದುಕೊಂಡದ್ದರಲ್ಲಿ ಒಂದು ದೂರದೃಷ್ಟಿ ಇದೆ. ಚಂಪೂ ಕಾವ್ಯಗಳ ಬಿಗಿಯನ್ನು ಒಡೆದು ಬಂದವನು ಹರಿಹರ. ಅವನ ರಗಳೆಯಲ್ಲಿ ವೃತ್ತದಂತೆ ನಾಲ್ಕು ಸಾಲಿಗೆ ನಿಲ್ಲುವ ಕಟ್ಟಿಲ್ಲ. ಭಾವ ಎಲ್ಲಿಯವರೆಗೆ ಹರಿಯುವುದೋ ಅಲ್ಲಿಯವರೆಗೆ ಸಾಲುಗಳು ಓಡುತ್ತವೆ. ಬಸವಣ್ಣನವರ ಚರಿತ್ರೆಯನ್ನು ಹೇಳುವಾಗ ಅವನು ಪದ್ಯಕ್ಕೂ ಗದ್ಯಕ್ಕೂ ನಿರಾತಂಕವಾಗಿ ಓಡಾಡುತ್ತಾನೆ. ಹೊಸ ಕನ್ನಡದ ಕವಿಗಳಿಗೆ ಬೇಕಾಗಿದ್ದುದು ಇಂಥ ಬಿಡುಗಡೆಯೇ. ಇಂಗ್ಲಿಷಿನ ಅಂತ್ಯಪ್ರಾಸವಿಲ್ಲದ ಛಂದಸ್ಸಿಗೆ ಸಮನಾದುದು ಕನ್ನಡದಲ್ಲಿ ಯಾವುದು ಎಂಬ ಹುಡುಕಾಟ ಆಗ ನಡೆದಿತ್ತು. ಐದು ಮಾತ್ರೆಯ ನಾಲ್ಕು ಗಣಗಳ ಲಲಿತ ರಗಳೆಯಿಂದ ಪ್ರಾಸವನ್ನು ತೆಗೆದಾಗ ಉಳಿದದ್ದೇ ಸರಳ ರಗಳೆ. ‘ಶ್ರೀ’ ಅವರ ನಾಟಕ ‘ಅಶ್ವತ್ಥಾಮನ್’, ಮಾಸ್ತಿಯವರ ‘ನವರಾತ್ರಿ’ ಈ ಹಾದಿಯವು. ಅದನ್ನೇ ಇನ್ನಷ್ಟು ಹಿಗ್ಗಿಸಿ, ಸಾಲಿನಿಂದ ಸಾಲಿಗೆ ವಾಕ್ಯವನ್ನು ಹರಿಸಿ, ಕುವೆಂಪು ತಮ್ಮ ಮಹಾಛಂದಸ್ಸನ್ನು ಕಟ್ಟಿದರು.

ಗುರು ಓಲೆಗರಿಯಿಂದ ರಗಳೆಯನ್ನು ಬಿಡಿಸಿ ಅಚ್ಚಿಗೆ ತಂದರು, ಶಿಷ್ಯ ಅದೇ ರಗಳೆಯ ವಂಶದ ಛಂದಸ್ಸಿನಲ್ಲಿ ಮಹಾಕಾವ್ಯ ಬರೆದರು. ಒಂದರಿಂದ ಇನ್ನೊಂದು ನೇರವಾಗಿ ಹುಟ್ಟಿತೆಂದು ಸಾಧಿಸುವುದು ಅತಿರೇಕವಾದೀತು. ಆದರೂ ಇವೆರಡೂ ಒಂದೇ ಕಾಲೇಜಿನಲ್ಲಿ, ಗುರುಶಿಷ್ಯರಿಬ್ಬರ ನಡುವೆ ನಡೆದವೆಂಬುದು ಕಡೆಗಣಿಸುವ ಸಂಗತಿಯಲ್ಲ. 1950ರ ಸುಮಾರಿಗೆ ವಿ.ಕೃ. ಗೋಕಾಕರು ನವ್ಯದ ಹೆಸರೆತ್ತಿದರು. 1954ರಲ್ಲಿ ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ ಬಂತು. ಹಿಂದಿನವರ ಶ್ರುತಿಯನ್ನು ತಿರಸ್ಕರಿಸಿ ಹೊರಟ ಅಡಿಗರ ಸಾಲುಗಳಿಂದಲೂ ಮಾತ್ರಾಗಣದ ನಡಿಗೆ ಪೂರ್ತಿ ಅಳಿಸಿಹೋಗಲಿಲ್ಲ. ಆಧುನಿಕರೆನಿಸಿಕೊಂಡವರೂ ಎಷ್ಟು ಹಳೆಯ ಬಂಡವಾಳದ ಮೇಲೆ ವ್ಯಾಪಾರ ನಡೆಸಿದರು ಎಂಬುದನ್ನು ಈ ಛಂದಸ್ಸಿನ ಕಥೆ ಹೇಳುತ್ತದೆ.

ಎಂ.ಎ. ಮುಗಿಸಿದ 1929ರಲ್ಲೇ ಕುವೆಂಪು ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದರು. ಅಲ್ಲಿಂದ ಮುಂದಿನ ಹತ್ತು ವರ್ಷ ಗುರುಶಿಷ್ಯರು ಸಹೋದ್ಯೋಗಿಗಳು. ಆ ಅವಧಿ ಕುವೆಂಪು ಅವರ ಬರವಣಿಗೆಯ ಸುಗ್ಗಿಯ ಕಾಲ: 1930ರಲ್ಲಿ ‘ಕೊಳಲು’, 1936ರಲ್ಲಿ ‘ಕಾನೂರು ಹೆಗ್ಗಡಿತಿ’, ಆಮೇಲೆ ರಾಮಾಯಣದ ಆರಂಭ. ಇಬ್ಬರನ್ನೂ ಬೆಸೆದ ಇನ್ನೊಂದು ಎಳೆ ಪರಮಹಂಸರು. ವೆಂಕಣ್ಣಯ್ಯ, ಕೃಷ್ಣಶಾಸ್ತ್ರಿಗಳು ಬರೆದ ಚರಿತ್ರೆಯ ನಂತರ ಕುವೆಂಪು ತಾವೂ ಪರಮಹಂಸರ ಜೀವನಚರಿತ್ರೆಯನ್ನು ಬರೆದರು.

ದೊಡ್ಡಪ್ಪನ ಸವಾಲು

ಮನೆಯೊಳಗೂ ಈ ಮೇಷ್ಟರ ಪ್ರಭಾವ ಕಡಿಮೆಯಿರಲಿಲ್ಲ. ತಮ್ಮನ ಮಗ ಸುಬ್ಬರಾವ್ 1920ರಲ್ಲಿ ಮಲೆಬೆನ್ನೂರಿನಲ್ಲಿ ಹುಟ್ಟಿದವರು. ಹದಿನೇಳರ ಹರೆಯದಲ್ಲಿ ಅವರು ಬರೆದ ಮೊದಲ ಕಥೆ ‘ಪುಟ್ಟನ ಚೆಂಡು’ ಹುಟ್ಟಿದ್ದು ದೊಡ್ಡಪ್ಪ ಒಡ್ಡಿದ ಸವಾಲಿನಿಂದ. ಬರೆದು ತೋರಿಸೆಂದು ಹಿರಿಯರು ಕೆಣಕಿದರು, ಹುಡುಗ ಬರೆದು ತೋರಿಸಿದ. ವೆಂಕಣ್ಣಯ್ಯನವರು ಬದುಕಿನುದ್ದಕ್ಕೂ ಒಡನಾಡಿದ ರಾಘವಾಂಕನೂ ಪರಂಪರೆಯ ಪ್ರಕಾರ ಹರಿಹರನ ಸೋದರಳಿಯ. ಮನುಷ್ಯನನ್ನು ಕುರಿತು ಕಾವ್ಯ ಬರೆದನೆಂದು ಮಾವನಿಂದ ಪೆಟ್ಟು ತಿಂದವನು ಎಂಬ ಐತಿಹ್ಯವೂ ಇದೆ. ತಳುಕಿನ ಮನೆಯಲ್ಲಿ ಪೆಟ್ಟಿಲ್ಲದೆಯೇ ಕೆಲಸ ನಡೆಯಿತು.

ದೊಡ್ಡಪ್ಪ ಹಳಗನ್ನಡ, ನಡುಗನ್ನಡಗಳ ವಿದ್ವಾಂಸರು. ಈ ಹುಡುಗ ಹಿಡಿದದ್ದು ಪೂರ್ತಿ ಬೇರೆಯ ಹಾದಿ. 1942ರ ಚಳವಳಿಯಲ್ಲಿ ಜೈಲು ಸೇರಿ, ಪತ್ರಿಕೆಗಳಲ್ಲಿ ದುಡಿದು, ಪ್ರಗತಿಶೀಲ ಲೇಖಕರ ಬಣದಲ್ಲಿ ನಿಂತು, ಲೇಖನಿಯನ್ನೇ ನಂಬಿ ಬಾಳಿದರು. ‘ಹಂಸಗೀತೆ’, ‘ನಾಗರಹಾವು’, ‘ದುರ್ಗಾಸ್ತಮಾನ’ಗಳನ್ನು ಬಲ್ಲವರಿಗೆ ಅವರ ಪರಿಚಯ ಬೇಡ. ಚಿತ್ರದುರ್ಗದ ಪಾಳೆಯಗಾರರ ಇತಿಹಾಸವನ್ನು ಅವರು ಕಾದಂಬರಿಗಳ ಸಾಲಿನಲ್ಲಿ ನಾಡಿನ ಮನೆಮನೆಗೆ ಮುಟ್ಟಿಸಿದರು. 1984ರಲ್ಲಿ ಅವರು ತೀರಿಕೊಂಡ ಮರುವರ್ಷ ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದೊಡ್ಡಪ್ಪ ಕಂಡದ್ದು ಆ ಮೊದಲ ಕಥೆಯ ದಿನಗಳನ್ನಷ್ಟೇ.

ತಮ್ಮ ಶಾಮರಾಯರು ಅಣ್ಣನ ದಾರಿಯನ್ನೇ ಹಿಡಿದರು; ಅಧ್ಯಾಪಕರಾದರು, ಶಿವಶರಣರ ಕಥೆಗಳನ್ನು ಸಂಗ್ರಹಿಸಿ ಕೋಶವಾಗಿ ಕೊಟ್ಟರು. ಅವರ ‘ಮೂರು ತಲೆಮಾರು’ ಈ ಮನೆತನದ ಚರಿತ್ರೆ. ಅಣ್ಣ ತಮ್ಮ ಬಗ್ಗೆ ಬರೆದುಕೊಳ್ಳಲಿಲ್ಲ, ತಮ್ಮ ಬರೆದಿಟ್ಟರು. ಕನ್ನಡದಲ್ಲಿ ಜೀವನಚರಿತ್ರೆಗಳ ಕೊರತೆಯ ಬಗ್ಗೆ ದೂರುವವರು ಈ ಪುಸ್ತಕವನ್ನು ಒಮ್ಮೆ ಹುಡುಕಿ ಓದಬೇಕು.

ಐವತ್ಮೂರಕ್ಕೆ ನಿಂತ ಬದುಕು

1939ರ ಫೆಬ್ರವರಿ 24ರಂದು ವೆಂಕಣ್ಣಯ್ಯನವರು ನಿಧನರಾದರು. ಅವರಿಗೆ ಆಗ ಐವತ್ಮೂರು ವರ್ಷ. ವಿದ್ವಾಂಸನೊಬ್ಬನ ಓದು ಹಣ್ಣಾಗಿ, ಬರೆಯಲು ಕೂರುವ ವಯಸ್ಸು. ಅವರ ಬಿಡಿ ಲೇಖನಗಳನ್ನು ಓದಿದವರಿಗೆ, ಪೂರ್ಣ ಪ್ರಮಾಣದ ಕನ್ನಡ ಸಾಹಿತ್ಯ ಚರಿತ್ರೆಯೊಂದನ್ನು ಬರೆಯಬಲ್ಲ ಸಾಮರ್ಥ್ಯ ಅಲ್ಲಿ ಕಾಣುತ್ತದೆ. ತರಗತಿಯಲ್ಲಿ ಆಡಿದ್ದರಲ್ಲಿ ಎಷ್ಟೋ ಪಾಲು ಕೇಳಿದವರೊಂದಿಗೇ ಹೋಯಿತು. ಒಳ್ಳೆಯ ಅಧ್ಯಾಪಕರಿಗೆ ಕನ್ನಡ ತೆತ್ತ ಬೆಲೆ ಇದು. ಇವತ್ತಿನ ಅಧ್ಯಾಪಕರ ಮೌಲ್ಯಮಾಪನದಲ್ಲಿ ಪ್ರಕಟಣೆಗಳ ಎಣಿಕೆಗೆ ಅಂಕಗಳಿವೆ.

ಕನ್ನಡ ಸಾಹಿತ್ಯ ಚರಿತ್ರೆಯ ಪುಸ್ತಕಗಳು ಕವಿಗಳ ಸುತ್ತ ಕಟ್ಟಲ್ಪಟ್ಟಿವೆ. ನವೋದಯ ಎಂದೊಡನೆ ಶ್ರೀ, ಬೇಂದ್ರೆ, ಕುವೆಂಪು, ಮಾಸ್ತಿ, ಪು.ತಿ.ನ. ಎಂದು ಹೆಸರುಗಳು ಸಾಲುಗಟ್ಟುತ್ತವೆ. ಆ ಕವಿಗಳ ಕೈಗೆ ಶುದ್ಧ ಪಾಠದ ಹರಿಹರನನ್ನೂ ರಾಘವಾಂಕನನ್ನೂ ತಲುಪಿಸಿದವರಿಗೆ ಹೆಚ್ಚೆಂದರೆ ಒಂದು ಪ್ಯಾರಾ. ಇದನ್ನು ಅನ್ಯಾಯವೆನ್ನುವುದಕ್ಕಿಂತ ಅಪೂರ್ಣ ಲೆಕ್ಕವೆನ್ನುವುದು ಸರಿ. ಹೊಸ ಕಾವ್ಯ ಇಂಗ್ಲಿಷಿನಿಂದ ಬಂತು ಎಂಬ ಅರ್ಧಸತ್ಯ ಇಷ್ಟು ಕಾಲ ಉಳಿದುಬಂದಿರುವುದಕ್ಕೆ ಈ ಅಪೂರ್ಣತೆಯೂ ಒಂದು ಕಾರಣ.

ಗುರುವಿನ ಮರಣದ ನಂತರವೂ ರಾಮಾಯಣದ ರಚನೆ ಮುಂದುವರಿಯಿತು. 1936ರ ಸುಮಾರಿಗೆ ಮೊದಲಾದ ಕಾವ್ಯ ಮುಗಿದದ್ದು 1946ರಲ್ಲಿ. ಆರಂಭದ ದಿನಗಳಲ್ಲಿ ಪಕ್ಕದಲ್ಲಿದ್ದವರು ಕೊನೆಯ ಸಾಲಿನ ಹೊತ್ತಿಗೆ ಇರಲಿಲ್ಲ. ಕೃತಿಯನ್ನು ಯಾರಿಗೆ ಒಪ್ಪಿಸಬೇಕೆಂಬ ಬಗ್ಗೆ ಕವಿಗೆ ಸಂದೇಹವಿದ್ದಂತೆ ತೋರುವುದಿಲ್ಲ. 1955ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1967ನೇ ಸಾಲಿಗೆ ಕನ್ನಡದ ಮೊದಲ ಜ್ಞಾನಪೀಠ ಪ್ರಶಸ್ತಿ ಸಂದವು. ಅಂದಿನಿಂದ ಅಚ್ಚಾದ ಪ್ರತಿಗಳು ನಾಡಿನ ಗ್ರಂಥಾಲಯಗಳ ಕಪಾಟುಗಳಲ್ಲಿವೆ. ಮೊದಲ ಪುಟಗಳನ್ನು ತಿರುವಿದರೆ ಚಳ್ಳಕೆರೆ ತಾಲ್ಲೂಕಿನ ಆ ಎತ್ತರದ ಮೇಷ್ಟರು ಅಲ್ಲಿಯೇ ಇದ್ದಾರೆ.